ಪಡುವಣ ದಡದ ಕಡತಗಳು

ಶನಿವಾರ

ಕುಮಟೆಯಿಂದ ಬೆಂಗಳೂರಿಗೆ ಒಂದು ರಾತ್ರಿಯ ಬಸ್ಸು, ಅಲ್ಲಿಂದ ಕೊಲಂಬೊಗೆ ಒಂದೂವರೆ ತಾಸಿನ ವಿಮಾನ. ಬಸ್ಸಿನಲ್ಲಿ ಮುಗಿಯದ ನಿದ್ದೆಯನ್ನು ವಿಮಾನದಲ್ಲಿ ಮುಗಿಸೋಣವೆಂದರೆ ಕಣ್ಣು ಮುಚ್ಚುವಷ್ಟರಲ್ಲಿ ಇಳಿಯುವ ಸೂಚನೆ ಬಂತು. 2025ರ ಫೆಬ್ರುವರಿ ತಿಂಗಳು. ಶ್ರೀಲಂಕಾದ ಪೂರ್ವ ಕರಾವಳಿಯ ಮಟ್ಟಕ್ಕಳಪ್ಪಿನ ಗೆಳೆಯನೊಬ್ಬ ತನ್ನ ಊರಿನ ಕೂತ್ತು ಎಂಬ ತಮಿಳು ಬಯಲಾಟ ನೋಡಲು ಬಾ ಎಂದು ವರ್ಷಗಳಿಂದ ಕರೆಯುತ್ತಿದ್ದ. ಇಂಗ್ಲಿಷ್ ನಕಾಶೆಗಳಲ್ಲಿ ಬಟ್ಟಿಕಲೋವಾ ಎಂದಿರುವುದು ಅದೇ ಊರು. ಅಲ್ಲಿನ ಕೂತ್ತಿನಲ್ಲಿ ವಡಮೋಡಿ, ತೆನ್‌ಮೋಡಿ, ಅಂದರೆ ಬಡಗಣದು, ತೆಂಕಣದು ಎಂದು ಎರಡು ಶೈಲಿಗಳಿವೆ. ಯಕ್ಷಗಾನದಲ್ಲಿ ಬಡಗು ಹೆಚ್ಚೋ ತೆಂಕು ಹೆಚ್ಚೋ ಎಂದು ಚೌಕಿಯ ಹೊರಗೆ ಜಗಳವಾಡುತ್ತ ಬೆಳೆದ ನಮ್ಮ ಕಡೆಯವರಿಗೆ ಇಷ್ಟು ಕೇಳಿದರೆ ಸಾಕು, ಟಿಕೆಟ್ ತೆಗೆಸಿಬಿಡುತ್ತಾರೆ.

ಆದರೆ ಈ ಸಲದ ಅವನ ಪತ್ರದಲ್ಲಿ ಕೂತ್ತಿಗಿಂತ ನೆರೆಯ ಸುದ್ದಿಯೇ ಹೆಚ್ಚಿತ್ತು. ಹಿಂದಿನ ನವೆಂಬರಿನ ಕೊನೆಯಲ್ಲಿ, ಮುಂದೆ ಫೆಂಗಲ್ ಎಂಬ ಹೆಸರು ಪಡೆದ ಚಂಡಮಾರುತ ಇನ್ನೂ ವಾಯುಭಾರ ಕುಸಿತವಾಗಿದ್ದಾಗಲೇ ಪೂರ್ವ ಲಂಕೆಯನ್ನು ಮುಳುಗಿಸಿತ್ತು. ಅವನ ಸೋದರತ್ತೆ ತನ್ನ ಹಳ್ಳಿಯಲ್ಲಿ ಒಂದು ಸಣ್ಣ ಸೇವಾ ಸಂಘ ನಡೆಸುತ್ತಾರೆ. 'ಅತ್ತೆಯ ಕೆಲಸವನ್ನೂ ನೋಡಿಕೊಂಡು ಹೋಗು' ಎಂದು ಬರೆದಿದ್ದ.

ಕೊಲಂಬೊದಲ್ಲಿ ಸಂಜೆ ಬಿಡುವಿತ್ತು. ದಕ್ಷಿಣಕ್ಕಿರುವ ಮೊರಟುವಕ್ಕೆ ಹೋಗಿ ಸರ್ವೋದಯದ ಕೇಂದ್ರ ಕಚೇರಿಯ ಅಂಗಳದಲ್ಲಿ ಸುತ್ತಾಡಿ ಬಂದೆ. 1958ರಲ್ಲಿ ಎ. ಟಿ. ಆರ್ಯರತ್ನೆ ಎಂಬ ಶಾಲಾ ಮಾಸ್ತರರು ಕೊಲಂಬೊದ ನಾಲಂದಾ ಕಾಲೇಜಿನ ಹುಡುಗರನ್ನು ಕನತೊಲುವ ಎಂಬ ತುಳಿತಕ್ಕೊಳಗಾದವರ ಹಳ್ಳಿಗೆ ಶ್ರಮದಾನಕ್ಕೆ ಕರೆದುಕೊಂಡು ಹೋದರು. ಅಲ್ಲಿಂದ ಶುರುವಾದದ್ದು ದೇಶದ ಅತಿದೊಡ್ಡ ಸೇವಾ ಚಳವಳಿಯಾಯಿತು. ಗಾಂಧಿ, ವಿನೋಬಾ ಇಬ್ಬರ ಪ್ರಭಾವವೂ ಅವರ ಮೇಲಿತ್ತು. ಭಾರತ ಸರ್ಕಾರ 1996ರಲ್ಲಿ ಗಾಂಧಿ ಶಾಂತಿ ಪ್ರಶಸ್ತಿ ಕೊಟ್ಟಿತು. 2024ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ನಾನು ನೋಡಲು ಹೊರಟಿದ್ದ ಹಳ್ಳಿಯ ಸಂಘಕ್ಕೂ ಇದಕ್ಕೂ ಕಾಗದದ ಸಂಬಂಧವೇನಿಲ್ಲ. ಆದರೂ ಆ ದೇಶದಲ್ಲಿ ನಾಲ್ಕು ಜನ ಕೂಡಿ ಕೆರೆ ಏರಿಗೆ ಮಣ್ಣು ಹಾಕಿದರೆ ಅದಕ್ಕೆ ಹಿನ್ನೆಲೆಯಾಗಿ ಈ ಅಂಗಳ ಎಲ್ಲೋ ಇದ್ದೇ ಇರುತ್ತದೆ.

ಭಾನುವಾರ

ಬೆಳಿಗ್ಗೆ ಆರರ ಸುಮಾರಿಗೆ ಫೋರ್ಟ್ ನಿಲ್ದಾಣದಿಂದ ಹೊರಡುವ ಉದಯದೇವಿ ರೈಲು. ಮಧ್ಯಾಹ್ನದ ಹೊತ್ತಿಗೆ ಡಬ್ಬಿಯಲ್ಲಿದ್ದವರೆಲ್ಲ ಮೊಬೈಲ್ ನೋಡಿ ನಗತೊಡಗಿದರು. ದೇಶಕ್ಕೆ ದೇಶವೇ ಕತ್ತಲಾಗಿದೆಯಂತೆ. ಕೊಲಂಬೊದ ಆಚೆ ಪಾನದುರದ ವಿದ್ಯುತ್ ಉಪಕೇಂದ್ರಕ್ಕೆ ಮಂಗವೊಂದು ನುಗ್ಗಿದ್ದೇ ಕಾರಣವೆಂದು ಇಂಧನ ಮಂತ್ರಿಗಳೇ ಹೇಳಿದ್ದಾರಂತೆ. ಲಂಕೆಗೂ ಕಪಿಗೂ ಹಳೆಯ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ ಎಂದು ಎದುರಿನ ಸೀಟಿನ ಮುದುಕರೊಬ್ಬರು ತಮಿಳಿನಲ್ಲಿ ಹೇಳಿದಾಗ, ಬೆಂಗಳೂರಿನಲ್ಲಿ ಕಲಿತ ನನ್ನ ತಮಿಳಿಗೂ ಅದು ಅರ್ಥವಾಯಿತು. ನಮ್ಮ ರೈಲು ಡೀಸೆಲ್ಲಿನದು, ಓಡುತ್ತಲೇ ಇತ್ತು.

ಪೊಲೊನ್ನರುವ ದಾಟಿದರೆ ಮನಂಪಿಟಿಯದಲ್ಲಿ ಮಹಾವೆಲಿ ನದಿ. ಮುಂದೆ ವೆಲಿಕಂದದ ಕುರುಚಲು ಕಾಡು. ಸೇನೆಗೂ ಎಲ್‌ಟಿಟಿಇಗೂ ನಡೆದ ಯುದ್ಧದ ಕಾಲದಲ್ಲಿ ಈ ಹಾದಿಯ ರೈಲು ಎಷ್ಟೋ ಸಲ ನಿಂತು, ಎಷ್ಟೋ ಸಲ ಮತ್ತೆ ಶುರುವಾಯಿತು. ವಾಳೈಚ್ಚೇನೆ ಹತ್ತಿರ ಬಂದಂತೆ ಕಿಟಕಿಯಾಚೆ ಭತ್ತದ ಬಯಲು ತೆರೆದುಕೊಂಡಿತು. ಒಂದು ಗದ್ದೆ ಹೊಂಬಣ್ಣಕ್ಕೆ ತಿರುಗಿ ಕೊಯ್ಲಿಗೆ ಬಂದಿದೆ, ಅದರ ಪಕ್ಕದ್ದು ಬರಿದೇ ಜೊಂಡು. ನವೆಂಬರಿನಲ್ಲಿ ನೀರು ನಿಂತಿದ್ದು ಎಲ್ಲಿ, ಹರಿದು ಹೋಗಿದ್ದು ಎಲ್ಲಿ ಎಂದು ಬಣ್ಣ ನೋಡಿಯೇ ಹೇಳಬಹುದಿತ್ತು.

ಗೆಳೆಯ ನಿಲ್ದಾಣಕ್ಕೆ ಬಂದಿದ್ದ. ಊರಲ್ಲಿ ವಿದ್ಯುತ್ತು ಬಂದು ಬಂದು ಹೋಗುತ್ತಿತ್ತು. ರಾತ್ರಿ ಮಣ್ಣಿನ ಕುಡಿಕೆಯಲ್ಲಿ ಹೆಪ್ಪು ಹಾಕಿದ ಎಮ್ಮೆ ಮೊಸರು ಕೊಟ್ಟರು. ಮೊಸರಿನ ವಿಷಯದಲ್ಲಿ ಮಟ್ಟಕ್ಕಳಪ್ಪಿನವರ ಜಂಬವನ್ನು ಪ್ರಶ್ನಿಸುವ ಧೈರ್ಯ ನನಗಿಲ್ಲ.

ಸೋಮವಾರ

ಮಟ್ಟಕ್ಕಳಪ್ಪು ಎಂದರೆ ಮೊದಲು ಹಿನ್ನೀರು, ಆಮೇಲೆ ಊರು. ಸಮುದ್ರಕ್ಕೆ ಸಮಾನಾಂತರವಾಗಿ ಐವತ್ತಾರು ಕಿಲೋಮೀಟರ್ ಉದ್ದಕ್ಕೆ ಮಲಗಿದ ಈ ಹಿನ್ನೀರು ಜಿಲ್ಲೆಯನ್ನು ಎರಡು ಮಾಡಿದೆ. ಸಮುದ್ರದ ಕಡೆಯ ಮರಳು ಪಟ್ಟಿ ಎಳುವಾನ್‌ಕರೈ, ಅಲ್ಲಿ ಪೇಟೆ, ಆಸ್ಪತ್ರೆ, ಕಚೇರಿ. ಒಳನಾಡಿನ ಕಡೆಯದು ಪಡುವಾನ್‌ಕರೈ, ಅಂದರೆ ಪಡುವಣ ದಡ, ಅಲ್ಲಿ ಗದ್ದೆ, ಕೆರೆ, ಎಮ್ಮೆ, ಆನೆ. ಯುದ್ಧದ ಬಹುಕಾಲ ಪೇಟೆಯ ದಡ ಸೇನೆಯ ಕೈಯಲ್ಲಿ, ಗದ್ದೆಯ ದಡ ಎಲ್‌ಟಿಟಿಇ ಕೈಯಲ್ಲಿ ಇತ್ತು. ನಡುವಿನ ನೀರೇ ಗಡಿ.

ಕಲ್ಲಡಿ ಸೇತುವೆ ದಾಟಿ ದಕ್ಷಿಣಕ್ಕೆ ಹೊರಟೆವು. ಖರ್ಜೂರದ ಮರಗಳನ್ನು ಸಾಲಾಗಿ ನೆಟ್ಟ ಕಾತ್ತಾನ್‌ಕುಡಿ ಪೇಟೆ ಬಂತು. 1990ರ ಆಗಸ್ಟ್ 3ರಂದು ಇಲ್ಲಿನ ಮಸೀದಿಗಳಲ್ಲಿ ನಮಾಜಿಗೆ ನಿಂತಿದ್ದ ನೂರಕ್ಕೂ ಹೆಚ್ಚು ಮಂದಿಯನ್ನು ಎಲ್‌ಟಿಟಿಇ ಕೊಂದಿತು. ಗುಂಡಿನ ಗುರುತುಗಳನ್ನು ಗೋಡೆಯ ಮೇಲೆ ಹಾಗೆಯೇ ಉಳಿಸಿಕೊಂಡಿದ್ದಾರೆ. ಇಲ್ಲಿಂದ ಮುಂದೆ ಮಣ್ಮುನೈ ಸೇತುವೆ ದಾಟಿದರೆ ಕೊಕ್ಕಟ್ಟಿಚ್ಚೋಲೈ. ಅಲ್ಲಿ 1987ರಲ್ಲೊಮ್ಮೆ, 1991ರಲ್ಲೊಮ್ಮೆ ತಮಿಳು ಹಳ್ಳಿಗರ ಹತ್ಯಾಕಾಂಡಗಳಾದವು, ಆರೋಪ ಸರ್ಕಾರಿ ಪಡೆಗಳ ಮೇಲೆ. ಎರಡು ಊರುಗಳ ನಡುವೆ ತ್ರೀವೀಲರಿನಲ್ಲಿ ಅರ್ಧ ಗಂಟೆಯೂ ಹಿಡಿಯುವುದಿಲ್ಲ. ಯಾರ ಪರವಾಗಿಯಾದರೂ ಒಂದೇ ಉಸಿರಿನಲ್ಲಿ ಮಾತಾಡುವ ಆಸೆ ಇದ್ದವರು ಈ ರಸ್ತೆಯಲ್ಲಿ ಒಮ್ಮೆ ಹೋಗಿ ಬರಬೇಕು.

ಮಣ್ಮುನೈ ಸೇತುವೆ ಜಪಾನಿನ ನೆರವಿನಿಂದ ಆದದ್ದು, 2014ರಲ್ಲಿ ತೆರೆಯಿತು. ಅದಕ್ಕೆ ಮೊದಲು ಬಾರ್ಜ್. ಹೆರಿಗೆ ನೋವು ಬಂದವರೂ ಹಾವು ಕಚ್ಚಿದವರೂ ಅದಕ್ಕೇ ಕಾಯಬೇಕಿತ್ತು.

ಸಂಘದ ಹೆಸರನ್ನು ಬರೆಯಬೇಡಿ ಎಂದು ಅತ್ತೆ ಮೊದಲೇ ಕೇಳಿಕೊಂಡರು. ಊರಲ್ಲಿ ಎಲ್ಲರೂ ಅವರನ್ನು ಟೀಚರ್ ಎನ್ನುತ್ತಾರೆ, ಗೆಳೆಯ ಮಾತ್ರ ಮಾಮಿ ಎನ್ನುತ್ತಾನೆ. ನಿವೃತ್ತ ಗಣಿತದ ಶಿಕ್ಷಕಿ. ಹಂಚಿನ ಮಾಡಿನ ಎರಡು ಕೋಣೆಯ ಕಟ್ಟಡವೇ ಕಚೇರಿ. ನಾನು ಅಕ್ಕಿ ಮೂಟೆ, ಚಾಪೆ, ಬಕೆಟ್ಟು, ಯಾರೋ ಕೊಟ್ಟ ಹಳೆಯ ಬಟ್ಟೆಯ ಗಂಟು ಇವನ್ನೆಲ್ಲ ನೋಡಬಹುದೆಂದು ಹೋಗಿದ್ದೆ. ಅಲ್ಲಿದ್ದದ್ದು ಅಟ್ಟದ ಮೇಲೆ ಸಾಲಾಗಿ ಇಟ್ಟ, ಗಾಳಿಯಾಡದಂತೆ ಮುಚ್ಚಳ ಬಿಗಿದ ನೀಲಿ ಪ್ಲಾಸ್ಟಿಕ್ ಪೀಪಾಯಿಗಳು. ಒಳಗೆ ಕಡತಗಳು. ಮನೆಗೊಂದು ಕಡತ.

"ಅಕ್ಕಿ ಯಾರಾದರೂ ತಂದುಕೊಡುತ್ತಾರೆ ತಂಬಿ," ಎಂದರು ಟೀಚರ್. "ನೆರೆ ಬಂದ ಮೂರನೆಯ ದಿನಕ್ಕೆ ಸೇನೆಯವರು ತರುತ್ತಾರೆ, ದೇವಸ್ಥಾನದವರು ತರುತ್ತಾರೆ, ಕಾತ್ತಾನ್‌ಕುಡಿಯ ಹುಡುಗರು ಅನ್ನ ಬೇಯಿಸಿಯೇ ತರುತ್ತಾರೆ. ಕಾಗದ ಯಾರು ತರುತ್ತಾರೆ?"

ಆ ಬೆಳಿಗ್ಗೆಯೆಲ್ಲ ಅವರು ಹೇಳಿದ್ದು ಕಾಗದದ ಕಥೆಯನ್ನೇ. ನನಗೂ ಮೊದಲು ಬೇಸರವಾಯಿತು, ಆಮೇಲೆ ಆಗಲಿಲ್ಲ.

2007ರ ಆರಂಭದಲ್ಲಿ ಶೆಲ್ ದಾಳಿ ಜೋರಾದಾಗ ಪಡುವಾನ್‌ಕರೈಗೆ ಪಡುವಾನ್‌ಕರೈಯೇ ನೀರು ದಾಟಿ ಪೇಟೆಯ ದಡಕ್ಕೆ ಬಂತು. ಉಟ್ಟ ಬಟ್ಟೆಯಲ್ಲಿ ಬಂದವರೇ ಹೆಚ್ಚು. ಆ ವರ್ಷದ ಜುಲೈನಲ್ಲಿ ಎಲ್‌ಟಿಟಿಇ ನೆಲೆಯಾಗಿದ್ದ ತೊಪ್ಪಿಗಲ ಸೇನೆಯ ವಶವಾಗಿ ಪೂರ್ವದ ಯುದ್ಧ ಮುಗಿಯಿತು. ಜನ ಮರಳಿದಾಗ ಮನೆಗಳಿಗೆ ಮಾಡು ಇರಲಿಲ್ಲ, ಪೆಟ್ಟಿಗೆಗಳಲ್ಲಿ ಪತ್ರಗಳಿರಲಿಲ್ಲ. ಜನನ ಪತ್ರ, ಮದುವೆ ಪತ್ರ, ಜಮೀನಿನ ಪರ್ಮಿಟ್, ಗುರುತಿನ ಚೀಟಿ ಎಲ್ಲವನ್ನೂ ಒಂದೊಂದಾಗಿ ಮತ್ತೆ ಮಾಡಿಸಿಕೊಂಡರು. ಅದು ಮುಗಿಯಿತು ಎನ್ನುವಷ್ಟರಲ್ಲಿ 2011ರ ಜನವರಿಯ ಮಳೆ. ದೇಶದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಬಾಧಿಸಿದ ಆ ನೆರೆಯಲ್ಲಿ ಅತಿ ಹೆಚ್ಚು ಪೆಟ್ಟು ತಿಂದದ್ದು ಇದೇ ಜಿಲ್ಲೆ. ಹೊಸ ಪತ್ರಗಳು ನೆನೆದು ಮುದ್ದೆಯಾದವು. ಪೀಪಾಯಿಗಳ ಆಲೋಚನೆ ಹುಟ್ಟಿದ್ದು ಆಗ.

ಪತ್ರ ಇಲ್ಲದಿದ್ದರೆ ಏನಾಗುತ್ತದೆ? ಬೆಳೆ ಮುಳುಗಿದರೆ ಪರಿಹಾರ ಸಿಗುವುದು ಜಮೀನು ಯಾರ ಹೆಸರಿನಲ್ಲಿದೆಯೋ ಅವರಿಗೆ. ಗೊಬ್ಬರದ ಸಹಾಯಧನವೂ ಹಾಗೆಯೇ. ಇಲ್ಲಿನ ಬಹಳಷ್ಟು ಜಮೀನು 1935ರ ಭೂ ಅಭಿವೃದ್ಧಿ ಕಾನೂನಿನ ಪ್ರಕಾರ ಸರ್ಕಾರ ಪರ್ಮಿಟ್ ಮೇಲೆ ಕೊಟ್ಟದ್ದು, ಪರ್ಮಿಟ್ ಹೆಚ್ಚಾಗಿ ಗಂಡಸಿನ ಹೆಸರಿನಲ್ಲಿ. ಆ ಗಂಡಸು ಸತ್ತಿದ್ದರೆ ಮರಣ ಪತ್ರ ತೋರಿಸಿ ಹೆಸರು ಬದಲಾಯಿಸಬಹುದು. ಕಾಣೆಯಾಗಿದ್ದರೆ?

ನಾವು ಮಾತಾಡುತ್ತಿದ್ದಾಗ ಜಗುಲಿಯಲ್ಲಿ ಒಬ್ಬ ಹೆಂಗಸು ಕುಳಿತಿದ್ದರು. ಅವರ ಗಂಡ ಯುದ್ಧದ ಕೊನೆಯ ವರ್ಷಗಳಲ್ಲಿ ಪೇಟೆಗೆಂದು ಹೋದವರು ಬರಲಿಲ್ಲ. ಯಾರು ಹಿಡಿದುಕೊಂಡು ಹೋದರು ಎಂಬುದಕ್ಕೆ ಊರಲ್ಲಿ ಮೂರು ಉತ್ತರಗಳಿವೆ. ಮರಣ ಪತ್ರ ಮಾಡಿಸಿಕೊಳ್ಳಿ, ಎಲ್ಲ ಸಲೀಸಾಗುತ್ತದೆ ಎಂದು ಕಚೇರಿಯೊಂದರಲ್ಲಿ ಹೇಳಿದರಂತೆ. "ನಾನೇ ಕೈಯಾರೆ ರುಜು ಹಾಕಿ ಅವರನ್ನು ಸಾಯಿಸಲೇ?" ಎಂದು ಕೇಳಿ ಎದ್ದು ಬಂದರಂತೆ. 2016ರಲ್ಲಿ ಕಾನೂನಿಗೆ ತಿದ್ದುಪಡಿ ಬಂದು, ಕಾಣೆಯಾದವರ ಮನೆಯವರಿಗೆ ಮರಣ ಪತ್ರದ ಬದಲು ಗೈರುಹಾಜರಿ ಪತ್ರ ಪಡೆಯುವ ದಾರಿಯಾಯಿತು. ಸತ್ತ ಎಂದು ಒಪ್ಪದೆಯೂ ಮನೆ ನಡೆಸಲು ಬೇಕಾದ ವ್ಯವಹಾರಕ್ಕೆ ಅದು ಸಾಲುತ್ತದೆ ಎಂಬುದು ಕಾನೂನಿನ ಮಾತು. ಕೌಂಟರಿನ ಆಚೆ ಕುಳಿತವನಿಗೆ ಆ ಕಾನೂನು ಗೊತ್ತಿರಬೇಕಲ್ಲ. ಆದ್ದರಿಂದ ಟೀಚರ್ ತಿದ್ದುಪಡಿಯ ತಮಿಳು ಪ್ರತಿಯನ್ನು ಕೈಚೀಲದಲ್ಲೇ ಇಟ್ಟುಕೊಂಡು ಓಡಾಡುತ್ತಾರೆ. ಈ ಹೆಂಗಸಿನ ಜೊತೆ ಅವರು ಹೋಗದ ಕಚೇರಿಯಿಲ್ಲ. ನವೆಂಬರಿನ ನೆರೆಯ ಪರಿಹಾರದ ಪಟ್ಟಿಯಲ್ಲಿ ಹೆಸರು ಸೇರಿದೆಯೇ ಎಂದು ತಿಳಿಯಲು ಆಕೆ ಅಂದು ಬಂದಿದ್ದರು. ಇನ್ನೂ ಸೇರಿರಲಿಲ್ಲ.

ನೆರೆಯ ಇಲಾಖೆ ಬೇರೆ, ಯುದ್ಧದ ಇಲಾಖೆ ಬೇರೆ. ದೂರದ ದೇಶಗಳ ದಾನಿಗಳೂ ಹಾಗೆಯೇ, ಒಬ್ಬರು ವಿಪತ್ತಿಗೆ ಕೊಡುತ್ತಾರೆ, ಇನ್ನೊಬ್ಬರು ಶಾಂತಿಗೆ ಕೊಡುತ್ತಾರೆ. ಆ ಜಗುಲಿಯಲ್ಲಿ ಕುಳಿತಾಕೆಯ ಮನೆಯೊಳಗೆ ನೀರು ನುಗ್ಗಿದ್ದಕ್ಕೂ ಯುದ್ಧವೇ ಕಾರಣ. ವರ್ಷಗಟ್ಟಲೆ ಯಾರೂ ಹೂಳೆತ್ತದ ಕೆರೆ, ಬಂಕರಿಗೆಂದು ಅಗೆದ ಏರಿ, ಮಿದಿವೆಡಿ, ಅಂದರೆ ನೆಲಬಾಂಬುಗಳಿವೆಯೆಂದು ಯಾರೂ ಹೋಗದೆ ಮುಚ್ಚಿಹೋದ ಕಾಲುವೆ. ಜಿಲ್ಲೆ ನೆಲಬಾಂಬುಗಳಿಂದ ಮುಕ್ತವಾಗಿದೆಯೆಂದು ಘೋಷಣೆಯಾದದ್ದು 2017ರಲ್ಲಿ. ಅಲ್ಲಿಯವರೆಗೆ ಹೊಳೆ ಉಕ್ಕಿದಾಗಲೆಲ್ಲ ನೀರು ಏನನ್ನು ಎಲ್ಲಿಗೆ ಹೊತ್ತು ತಂದಿದೆಯೋ ಎಂಬ ಹೆದರಿಕೆ ಇನ್ನೊಂದು.

ಮಂಗಳವಾರ

ತೈಪೂಸ. ಮನೆಮನೆಯಲ್ಲಿ ಹೊಸ ಅಕ್ಕಿಯ ಪೊಂಗಲ್. ನಮ್ಮ ಹೊಸತಿನ ಹಬ್ಬದಂತೆಯೇ ಮೊದಲು ದೇವರಿಗೆ, ಆಮೇಲೆ ಎಲೆಗೆ. ಬೆಳೆ ಹೋದವರ ಮನೆಗೆ ಬೆಳೆ ಬಂದವರ ಮನೆಯಿಂದ ಒಂದು ಸೇರು ಹೊಸ ಭತ್ತ ಬೆಳಿಗ್ಗೆಯೇ ಬಂದಿತ್ತು. ಇದನ್ನು ಸಂಘ ಮಾಡಿಸಿದ್ದಲ್ಲ, ಯಾರೂ ಮಾಡಿಸಿದ್ದಲ್ಲ.

ಟೀಚರ್ ಜೊತೆ ಗದ್ದೆ ಬಯಲಿಗೆ ಹೋದೆ. ಬಯಲಿನ ನೀರಿನ ಉಸ್ತುವಾರಿ ನೋಡುವವರನ್ನು ಇಲ್ಲಿ ವಟ್ಟೆ ವಿದಾನೆ ಎನ್ನುತ್ತಾರೆ. ಯಾವ ದಿನ ಉಳುಮೆ, ಯಾವ ದಿನ ಬಿತ್ತನೆ, ಎಂದು ಕೆರೆಯ ತೂಬು ಎತ್ತುವುದು ಎಂಬುದೆಲ್ಲ ಹಂಗಾಮಿನ ಆರಂಭದ ಸಭೆಯಲ್ಲಿ ಗೊತ್ತಾಗಬೇಕು. ಮಳೆಗಾಲದ ಬೆಳೆಗೆ ಅಕ್ಟೋಬರ್ ಸುಮಾರಿಗೆ ಬಿತ್ತನೆ, ಫೆಬ್ರುವರಿ ಹೊತ್ತಿಗೆ ಕೊಯ್ಲು. ನವೆಂಬರಿನಲ್ಲಿ ಎಳೆಯ ಪೈರು ನೀರಿನಡಿ ಹೋಯಿತು. ಮತ್ತೆ ಬಿತ್ತಬೇಕಾದರೆ ಬೀಜ ಬೇಕು, ಅದೂ ವಾರದೊಳಗೆ ಬೇಕು. ಸರ್ಕಾರದ ಬೀಜ ಬರುವಷ್ಟರಲ್ಲಿ ಹದ ತಪ್ಪಿರುತ್ತದೆ. ಹಾಗಾಗಿ ಸಂಘ ಪ್ರತಿ ಹಂಗಾಮಿನಲ್ಲೂ ಸದಸ್ಯರಿಂದ ಭತ್ತವನ್ನೇ ವಂತಿಗೆಯಾಗಿ ತೆಗೆದುಕೊಂಡು ಕೂಡಿಡುತ್ತದೆ. ಅಗತ್ಯ ಬಿದ್ದವರು ಒಯ್ದು, ಮುಂದಿನ ಕೊಯ್ಲಿಗೆ ಸ್ವಲ್ಪ ಹೆಚ್ಚಿಗೆ ಸೇರಿಸಿ ಮರಳಿಸಬೇಕು. ಈ ಸಲ ಒಯ್ದವರೇ ಹೆಚ್ಚು. ಸಂಗ್ರಹದ ಕೋಣೆ ನೋಡಿದೆ, ನೆಲ ಕಾಣುತ್ತಿತ್ತು.

"ಬಡ್ಡಿಗಿಂತ ಇದು ಮೇಲು," ಎಂದು ವಟ್ಟೆ ವಿದಾನೆ ಕಡ್ಡಿಯಿಂದ ಹಲ್ಲು ಕೆದಕುತ್ತ ಹೇಳಿದರು. ಬಡ್ಡಿ ಎಂದದ್ದೇ ಸುತ್ತಲಿದ್ದ ಹೆಂಗಸರೆಲ್ಲ ಒಟ್ಟಿಗೆ ಮಾತಾಡತೊಡಗಿದರು. ಯುದ್ಧ ಮುಗಿದ ಮೇಲೆ ಕಿರುಸಾಲದ ಕಂಪನಿಗಳು ಹಳ್ಳಿಗಳಿಗೆ ಲಗ್ಗೆಯಿಟ್ಟವು. ಅಡವು ಬೇಡ, ಗಂಡನ ರುಜು ಬೇಡ, ವಾರಕ್ಕೊಮ್ಮೆ ಕಂತು ಕಟ್ಟಿದರಾಯಿತು. ಒಂದರ ಕಂತಿಗೆ ಇನ್ನೊಂದರಿಂದ ಸಾಲ. ವಸೂಲಿಯವರು ಸಂಜೆ ಬಂದು ಕತ್ತಲಾದರೂ ಅಂಗಳ ಬಿಡದೆ ಕೂರುತ್ತಿದ್ದರಂತೆ. 2018ರಲ್ಲಿ ಬರಪೀಡಿತ ಜಿಲ್ಲೆಗಳ ಮಹಿಳೆಯರ ಒಂದು ಲಕ್ಷ ರೂಪಾಯಿವರೆಗಿನ ಕಿರುಸಾಲವನ್ನು ಮನ್ನಾ ಮಾಡುವುದಾಗಿ ಸರ್ಕಾರ ಹೇಳಬೇಕಾಗಿ ಬಂತು ಎಂದರೆ ಆಗಿನ ಸ್ಥಿತಿ ಊಹಿಸಬಹುದು. ಅದರ ಬೆನ್ನಿಗೆ 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದಿಗೆ ಏಕಾಏಕಿ ನಿಷೇಧ, ಮರುವರ್ಷ ದೇಶವೇ ದಿವಾಳಿ. ಇಷ್ಟೆಲ್ಲದರ ನಡುವೆ ಹೊರಗಿನಿಂದ ಬಂದವರು ಈ ಹೆಂಗಸರಿಗೆ ಉಳಿತಾಯದ ತರಬೇತಿ ಕೊಟ್ಟು ಪ್ರಮಾಣಪತ್ರ ಹಂಚಿ ಹೋಗಿದ್ದಾರೆ. ಟೀಚರ್ ಆ ಪ್ರಮಾಣಪತ್ರಗಳನ್ನೂ ಪೀಪಾಯಿಯಲ್ಲಿ ಇಟ್ಟಿದ್ದಾರೆ. ಲೆಕ್ಕ ಲೆಕ್ಕವೇ.

ನಾನು ನಮ್ಮ ಕಡೆಯ ಗಜನಿ ಗದ್ದೆಗಳ ವಿಷಯ ಹೇಳಿದೆ. ಅಘನಾಶಿನಿಯ ಮುಖದಲ್ಲಿ ಉಪ್ಪುನೀರು ಏರಿ ಇಳಿಯುವ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ, ಆಳೆತ್ತರದ ಪೈರು, ಉಪ್ಪಿಗೂ ಬಗ್ಗುವುದಿಲ್ಲ, ಕೆಲವು ದಿನ ನೀರಲ್ಲಿ ಮುಳುಗಿದರೂ ಕೊಳೆಯುವುದಿಲ್ಲ, ಮಾಣಿಕಟ್ಟಾದಲ್ಲಿ ರೈತರು ಸೇರಿಯೇ ಕಟ್ಟೆ ಕಾಯ್ದು ಸೇರಿಯೇ ಬೆಳೆಯುತ್ತಾರೆ ಎಂದೆ. ವಟ್ಟೆ ವಿದಾನೆ ಹಲ್ಲು ಕೆದಕುವುದನ್ನು ನಿಲ್ಲಿಸಿದರು. ಇಲ್ಲಿ ಹಿನ್ನೀರಿನ ಅಂಚಿನವರು ಉಪ್ಪು ತಡೆಯುವ ಎಟಿ 354 ಎಂಬ ತಳಿ ಹಾಕುತ್ತಾರೆ, ಉಪ್ಪಿಗೇನೋ ಅದು ಸರಿ, ಮುಳುಗಡೆಗೆ ಎಷ್ಟು ದಿನ ನಿಲ್ಲುತ್ತದೆ ನಿಮ್ಮದು, ಎಂದು ಕೇಳಿದರು. ಪ್ರಶ್ನೆಯ ಮೇಲೆ ಪ್ರಶ್ನೆ. ಎಕರೆಗೆ ಇಳುವರಿ ಎಷ್ಟು ಎಂದಾಗ ನಾನು ಹೇಳಿದ ಅಂದಾಜಿಗೆ ಎಲ್ಲರೂ ನಕ್ಕರು. ಕಗ್ಗದ ದೌರ್ಬಲ್ಯ ಅದೇ.

ರಾತ್ರಿ ಸರದಿಯ ಪ್ರಕಾರ ವಿದ್ಯುತ್ ಕಡಿತ, ಮಂಗನ ಪ್ರಸಾದ. ಬ್ಯಾಟರಿ ದೀಪದಲ್ಲಿ ಕೂತ್ತಿನ ತಾಲೀಮು ನೋಡಿದೆ. ಕಳರಿ ಎಂಬ ದುಂಡಗಿನ ರಂಗ, ಹಾಡಿಸುವ ಅಣ್ಣಾವಿಯಾರ್, ಮದ್ದಳೆ. ಅರ್ಜುನನ ಮಗನ ಯುದ್ಧಪ್ರವೇಶ. ಹದಿನಾರರ ಹುಡುಗನ ಹೆಜ್ಜೆ ನಮ್ಮ ಬಡಗಿನ ಅಭಿಮನ್ಯುವಿನದಕ್ಕೆ ಬಹಳ ಹತ್ತಿರ. ಪಕ್ಕದಲ್ಲಿ ಕುಳಿತಿದ್ದ ಅವನ ಅಜ್ಜಿ ಚಕ್ರವ್ಯೂಹದ ಭಾಗ ಬರುವ ಮೊದಲೇ ಎದ್ದು ಮನೆಗೆ ಹೋದರು. ಈ ಊರಿನಿಂದ ಆ ವಯಸ್ಸಿನ ಹುಡುಗರನ್ನು ಮನೆಗೊಬ್ಬರಂತೆ ಹೋರಾಟಕ್ಕೆ ಕರೆದೊಯ್ದ ಕಾಲವನ್ನು ಕಂಡವರು ಅವರು ಎಂದು ಗೆಳೆಯ ಆಮೇಲೆ ಹೇಳಿದ.

ಬುಧವಾರ

ಪೋಯ, ಹುಣ್ಣಿಮೆಯ ರಜೆ. ಬೆಳಿಗ್ಗೆ ಪಾಲಮೀನ್‌ಮಡುವಿನ ದೀಪಸ್ತಂಭದ ಕಡೆ ಹೋಗಿ, ಹಿನ್ನೀರು ಸಮುದ್ರ ಸೇರುವ ಮುಗತ್ತುವಾರ ನೋಡಿದೆ. ನಮ್ಮ ಅಳಿವೆಗಳ ಹಾಗೆಯೇ ಇಲ್ಲೂ ಸಮುದ್ರ ಮರಳಿನ ದಿಬ್ಬ ಕಟ್ಟುತ್ತದೆ. ಮಳೆಗಾಲದಲ್ಲಿ ಅದನ್ನು ಕಡಿದು ಬಿಡದಿದ್ದರೆ ಹಿನ್ನೀರು ಹಿಂದಕ್ಕೆ ಉಬ್ಬಿ ಪಡುವಾನ್‌ಕರೈಯ ಗದ್ದೆ ಮುಳುಗುತ್ತದೆ. ಬೇಗ ಕಡಿದರೆ ಬಲಿಯದ ಸಿಗಡಿಯೆಲ್ಲ ಸಮುದ್ರದ ಪಾಲು ಎಂದು ಹಿನ್ನೀರಿನ ಮೀನುಗಾರರ ಆಕ್ಷೇಪ. ಯಾವಾಗ ಕಡಿಯಬೇಕೆಂಬುದು ಪ್ರತಿ ವರ್ಷದ ಜಗಳ, ಜಿಲ್ಲಾಡಳಿತದ ಸಭೆಯವರೆಗೆ ಹೋಗುತ್ತದೆ. ಆ ಸಭೆಗೂ ಟೀಚರ್ ಲೆಕ್ಕದೊಂದಿಗೇ ಹೋಗುತ್ತಾರೆ. ಊರಿನ ಮೋರಿಯ ಗೋಡೆಗೆ ಬಣ್ಣದಲ್ಲಿ ಅಡಿ, ಅಂಗುಲ ಬರೆಸಿಟ್ಟಿದ್ದಾರೆ, ಶಾಲೆಯ ಮಕ್ಕಳು ದಿನಾ ಬೆಳಿಗ್ಗೆ ಓದಿ ಗುರುತು ಹಾಕಬೇಕು. "ನಮ್ಮೂರು ಮುಳುಗುತ್ತಿದೆ ಎಂದರೆ ಎಲ್ಲರೂ ಹಾಗೆಯೇ ಹೇಳುತ್ತಾರೆ ಎನ್ನುತ್ತಾರೆ. ನಿನ್ನೆಗಿಂತ ಏಳು ಅಂಗುಲ ಏರಿದೆ ಎಂದರೆ ಸುಮ್ಮನಾಗುತ್ತಾರೆ."

ಸಂಜೆ ಸಂಘದ ಸಭೆ. ವಿಷಯ ಒಂದೇ. ಕೆನಡಾ, ಸ್ವಿಟ್ಜರ್ಲೆಂಡುಗಳಲ್ಲಿ ನೆಲೆಸಿದ ಊರಿನವರು ಹಣ ಕೂಡಿಸಿ ಕಳುಹಿಸಿದ್ದಾರೆ, ಅದರಲ್ಲಿ ಹೊಸ ಫೈಬರ್ ದೋಣಿ, ಎಂಜಿನ್ ಕೊಂಡು ಮೇಲೆ ತಮ್ಮ ತಂದೆತಾಯಿಯ ಹೆಸರು ಬರೆಸಬೇಕೆಂದು ಅವರ ಅಪೇಕ್ಷೆ. ಫೋಟೊ ಬೇಕು, ವಿಡಿಯೊ ಬೇಕು. ಯುವಕರಿಗೆಲ್ಲ ದೋಣಿಯೇ ಬೇಕು. ನವೆಂಬರಿನಲ್ಲಿ ಹಳೆಯ ದೋಣಿಯ ಎಂಜಿನ್ ನಡುನೀರಿನಲ್ಲಿ ಕೆಟ್ಟು, ಡಯಾಲಿಸಿಸ್ ರೋಗಿಯೊಬ್ಬರನ್ನು ಹುಟ್ಟು ಹಾಕಿಯೇ ದಾಟಿಸಿದ್ದನ್ನು ಅವರು ಮರೆತಿರಲಿಲ್ಲ. ಟೀಚರ್ ಹೇಳಿದ್ದು ಬೀಜದ ಭತ್ತಕ್ಕೆ ಎತ್ತರದ ಕಂಬಗಳ ಮೇಲೊಂದು ಕಣಜದ ಕೋಣೆ ಆಗಬೇಕೆಂದು. ದೋಣಿ ವರ್ಷದಲ್ಲಿ ಹತ್ತು ದಿನಕ್ಕೆ, ಬೀಜ ವರ್ಷವಿಡೀ.

ನನಗೆ ಮನಸ್ಸಿನಲ್ಲಿ ಯುವಕರ ಮಾತೇ ಸರಿ ಎನ್ನಿಸಿತು, ಯಾರೂ ಕೇಳಲಿಲ್ಲವಾದ್ದರಿಂದ ಹೇಳಲಿಲ್ಲ. ವಾದ ಏರುತ್ತ ಹೋಯಿತು. ಕೊನೆಗೆ ಎಂಜಿನ್ ಮಾತ್ರ ಹೊಸದು ತರುವುದು, ಹಳೆಯ ದೋಣಿಯನ್ನೇ ರಿಪೇರಿ ಮಾಡುವುದು, ಉಳಿದದ್ದರಲ್ಲಿ ಕಣಜದ ಕಂಬಗಳನ್ನಾದರೂ ನಿಲ್ಲಿಸುವುದು ಎಂದಾಯಿತು. ಹೆಸರು ಎಂಜಿನ್ನಿನ ಮೇಲೆ ಬರೆಸಬಹುದು. ಇದಕ್ಕೆ ಕೆನಡಾದವರು ಒಪ್ಪುತ್ತಾರೋ ಇಲ್ಲವೋ ಎಂದು ಕಾರ್ಯದರ್ಶಿ ಹುಡುಗಿ ನಡಾವಳಿ ಬರೆಯುತ್ತಲೇ ಗೊಣಗಿದಳು.

ಹೊರಡುವಾಗ ಟೀಚರ್ ಕಗ್ಗದ ಬೀಜ ಒಂದು ಹಿಡಿ ಕಳುಹಿಸಲಾಗುತ್ತದೆಯೇ ಎಂದು ಕೇಳಿದರು. ದೇಶ ದಾಟಿಸಲು ಸಸ್ಯ ಕ್ವಾರಂಟೈನ್ ಕಾನೂನು ಅಡ್ಡ ಬರುತ್ತದೆ, ಎರಡೂ ಕಡೆಯ ಕೃಷಿ ಇಲಾಖೆಗಳ ಅನುಮತಿ ಬೇಕಾದೀತು ಎಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಒಳಗೆ ಹೋಗಿ ಹೊಸ ಕಡತವೊಂದನ್ನು ತಂದು ಮೇಲೆ ಕಗ್ಗ ಎಂದು ತಮಿಳಿನಲ್ಲಿ ಬರೆದರು. ಮೊದಲ ಹಾಳೆಯಲ್ಲಿ ನನ್ನ ವಿಳಾಸ ಬರೆಸಿಕೊಂಡು, ಅರ್ಜಿ ಯಾರಿಗೆ ಹಾಕಬೇಕೆಂದು ವಿಚಾರಿಸಿ ತಿಂಗಳೊಳಗೆ ತಿಳಿಸಿ ತಂಬಿ ಎಂದರು.